ಹನ್ನೆರಡನೇ ದಿನದ ಮಲ್ಲಿಗೆ

ನಾನು ಮೂರು ತಿಂಗಳ ಮಟ್ಟಿಗೆ ಎಂದು ಹೋದವಳು. ಜೆ.ಪಿ. ನಗರದ ಆ ಶಾಲೆಯ ಗಣಿತದ ಟೀಚರ್ ಹೆರಿಗೆ ರಜೆಯಲ್ಲಿದ್ದರು. ನನ್ನ ಮಗಳು ಐದನೇ ಕ್ಲಾಸಿಗೆ ಬಂದಿದ್ದಳು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಜಯನಗರದ ನಮ್ಮ ಮನೆಯಲ್ಲಿ ಕುಕ್ಕರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ಟೀಚರ್ ವಾಪಸ್ ಬರಲಿಲ್ಲ, ನಾನು ಹತ್ತೊಂಬತ್ತು ವರ್ಷ ಉಳಿದುಬಿಟ್ಟೆ. ಅಷ್ಟಾದರೂ ಬ್ಯಾಂಕಿನ ಫಾರಂನಲ್ಲಿ ಉದ್ಯೋಗ ಎಂದು ಕೇಳಿದ ಕಡೆ ಗೃಹಿಣಿ ಎಂದೇ ಬರೆಯುತ್ತಿದ್ದೆ. ಕೈ ತಾನಾಗಿ ಹಾಗೆ ಹೋಗುತ್ತಿತ್ತು.

ನಮ್ಮ ಬೀದಿಯ ಹುಡುಗಿಯೊಬ್ಬಳು ಬಿ.ಎಡ್. ಮುಗಿಸಿ ಈ ಜೂನ್‌ನಲ್ಲಿ ಪಾಠಕ್ಕೆ ಸೇರುತ್ತಿದ್ದಾಳೆ. ಹನ್ನೊಂದನೇ ಕ್ಲಾಸಿಗೆ ಲಾಗರಿದಮ್ ಹೇಗೆ ಶುರು ಮಾಡೋದು ಆಂಟಿ ಎಂದು ಮೊನ್ನೆ ಕೇಳಿದಳು. ಬಾಯಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಬರೆದುಕೊಡುತ್ತೇನೆ ಎಂದೆ. ಹೇಗೆ ಶುರು ಮಾಡಬೇಕು ಎನ್ನುವುದಕ್ಕಿಂತ ಎಲ್ಲೆಲ್ಲಿ ಎಡವಿದೆ ಎನ್ನುವುದು ನನಗೆ ಚೆನ್ನಾಗಿ ನೆನಪಿದೆ. ಅದನ್ನೇ ಬರೆಯುತ್ತಿದ್ದೇನೆ.

ಮೊದಲ ವರ್ಷದ್ದು. ಬೋರ್ಡಿನ ಮೇಲೆ ಸೂತ್ರ ಬರೆದು, ಬೆನ್ನು ಸವೆದ ಲಾಗ್ ಟೇಬಲ್ ಪುಸ್ತಕ ಬಿಡಿಸಿ, ಯಾವ ಸಾಲಿಗೆ ಯಾವ ಕಾಲಂ ಸೇರಿಸಬೇಕು ಎಂದು ತೋರಿಸುತ್ತಿದ್ದೆ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಇದು ಯಾವ ಕೆಲಸಕ್ಕೆ ಬರುತ್ತೆ ಮಿಸ್ ಎಂದು ಕೇಳಿದಳು. ಪರೀಕ್ಷೆಗೆ, ಎಂದೆ. ಕ್ಲಾಸು ನಕ್ಕಿತು. ನಾನು ತಮಾಷೆಗೆ ಹೇಳಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಸಿಸ್ಟರ್ ಬಹಳ ಒಳ್ಳೆಯವರು, ಆದರೆ ಯಾಕೆ ಎಂದು ಕೇಳುವುದನ್ನು ಅವರು ಉಗುರು ಕಚ್ಚುವ ಅಭ್ಯಾಸದ ಜೊತೆಗೆ ಸೇರಿಸಿಬಿಟ್ಟಿದ್ದರು. ಆ ಹುಡುಗಿಯ ಪ್ರಶ್ನೆ ಮಾತ್ರ ಬಸ್ಸಿನಲ್ಲಿ ನನ್ನ ಜೊತೆ ಮನೆಗೆ ಬಂತು.

ಗಣಿತ ಬಿಟ್ಟು ವರ್ಷಗಳಾದವರಿಗೆ ಒಂದು ಮಾತು. ಲಾಗರಿದಮ್ಮಿನ ಗೆರೆ ಎಂದರೆ ಮೊದಮೊದಲು ಸರಸರ ಏರಿ, ಆಮೇಲೆ ನಿಧಾನವಾಗುತ್ತಾ ಹೋಗಿ, ಆದರೂ ಎಂದೂ ಪೂರ್ತಿ ನಿಲ್ಲದ ಗೆರೆ. ಒಂದು ಎರಡಾದಾಗ ಎಷ್ಟು ಏರುತ್ತದೋ ಎರಡು ನಾಲ್ಕಾದಾಗಲೂ ಅಷ್ಟೇ, ನಾಲ್ಕು ಎಂಟಾದಾಗಲೂ ಅಷ್ಟೇ. ಇಷ್ಟು ಗೊತ್ತಾದ ಮೇಲೆ ಅದನ್ನು ಎಲ್ಲೆಲ್ಲೂ ಹುಡುಕುವ ಚಟ ನನಗೆ ಹತ್ತಿತು. ಸಾರಿಗೆ ಹಾಕಿದ ಮೊದಲ ಚಮಚ ಉಪ್ಪು ಎಷ್ಟು ಗೊತ್ತಾಗುತ್ತದೆ, ನಾಲ್ಕನೆಯದು ಎಷ್ಟು ಕಡಿಮೆ ಗೊತ್ತಾಗುತ್ತದೆ ಎಂದು ಸೌಟು ಹಿಡಿದು ನಿಂತರೆ ನಮ್ಮ ಯಜಮಾನರು, ಇವತ್ತು ನನ್ನ ಮೇಲೆ ಪ್ರಯೋಗವೋ ಎಂದು ಕೇಳುತ್ತಿದ್ದರು.

ಪ್ರಯೋಗವನ್ನು ಕ್ಲಾಸಿನಲ್ಲೇ ಮಾಡಿದೆ. ಐದು ಜಗ್ಗಿನಲ್ಲಿ ನಿಂಬೆ ಪಾನಕ, ಸಕ್ಕರೆ ಮಾತ್ರ ಒಂದು ಚಮಚ, ಎರಡು, ನಾಲ್ಕು, ಎಂಟು, ಹದಿನಾರು. ಕುಡಿದು ಸಿಹಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಸಕ್ಕರೆ ಇಮ್ಮಡಿಯಾದಾಗಲೆಲ್ಲ ಅಂಕ ಹೆಚ್ಚುಕಡಿಮೆ ಒಂದೇ ಮೆಟ್ಟಿಲು ಏರಿದ್ದನ್ನು ಮಕ್ಕಳು ತಾವೇ ಗ್ರಾಫ್ ಹಾಳೆಯ ಮೇಲೆ ಕಂಡರು. ಒಬ್ಬಳು ಎದ್ದು ನಿಂತು, ಮಿಸ್, ನಮ್ಮ ನಾಲಿಗೆಗೇ ಲಾಗ್ ಗೊತ್ತು ಎಂದಳು. ಆ ಸಂತೋಷ ಮರುದಿನ ಬೆಳಗಿನವರೆಗೆ ಇತ್ತು. ಬೆಳಗ್ಗೆ ಬಾಗಿಲು ತೆಗೆದರೆ ಬೆಂಚಿನ ಕಾಲಿನಿಂದ ಬೋರ್ಡಿನವರೆಗೆ ಇರುವೆಯ ಸಾಲು. ನಮ್ಮ ಗಣಿತ ವಿಭಾಗದ ಮುಖ್ಯಸ್ಥರು ರಂಗನಾಥ್ ಸರ್ ಬಾಗಿಲಲ್ಲೇ ನಿಂತು ನೋಡಿದರು.

“ಮೇಡಂ, ನಿನ್ನೆ ಲಾಗ್ ಪಾಠ ಮಾಡಿದ್ರೋ, ಯಾರದಾದ್ರೂ ನಾಮಕರಣ ಮಾಡಿದ್ರೋ?”

ರಂಗನಾಥ್ ಸರ್ ಕೆಟ್ಟವರಲ್ಲ. ಅಂಗಿ ಜೇಬಿನಲ್ಲಿ ಯಾವಾಗಲೂ ಮೂರು ಪೆನ್ನು, ಮೂರೂ ಒಂದೇ ಎತ್ತರಕ್ಕೆ. ಯಾವ ಗಲಾಟೆಯೂ ಮೇಲಿನವರೆಗೆ ಹೋಗದ ಹಾಗೆ ನೋಡಿಕೊಳ್ಳುವುದೇ ಆಡಳಿತ ಎಂದು ನಂಬಿದ್ದವರು.

ಆಮೇಲೆ ಕಾಲ ಬದಲಾಯಿತು. ಲಾಗ್ ಟೇಬಲ್ ಹೋಗಿ ಕ್ಯಾಲ್ಕುಲೇಟರ್ ಬಂತು, ಅದೂ ಹೋಗಿ ಫೋನಿನಲ್ಲೇ ಗ್ರಾಫ್ ಬಂತು. ಅಂಕಿ ತುಂಬಿದರೆ ಸಾಕು, ಗೆರೆ ತಾನಾಗಿ ಬೀಳುತ್ತದೆ. ಯಾವ ಗೆರೆ ಚುಕ್ಕೆಗಳಿಗೆ ಹತ್ತಿರವೋ ಅದನ್ನು ಆರಿಸಿದರೆ ಮುಗಿಯಿತು. ಒಬ್ಬ ಹುಡುಗ ಬಿಸಿ ಕಾಫಿ ಆರುವುದನ್ನು ಇಪ್ಪತ್ತು ನಿಮಿಷ ಅಳೆದು ಅದಕ್ಕೆ ತಲೆಕೆಳಗು ಮಾಡಿದ ಲಾಗರಿದಮ್ಮಿನ ಗೆರೆ ಹಾಕಿಕೊಂಡು ಬಂದಿದ್ದ. ಚುಕ್ಕೆಗಳ ಮೇಲೆ ಗೆರೆ ಅಷ್ಟು ಚೆನ್ನಾಗಿ ಕೂತಿತ್ತು ಎಂದು ನಾನೂ ಟಿಕ್ ಹಾಕಿದೆ. ಆ ಗೆರೆಯನ್ನು ಹಾಗೇ ಮುಂದುವರಿಸಿದರೆ ಏನಾಗುತ್ತದೆ ಎಂದು ನಾನು ನೋಡಿರಲಿಲ್ಲ. ಹಿಂದಿನ ಬೆಂಚಿನವನೊಬ್ಬ ನೋಡಿದ್ದ. ಆ ಗೆರೆಯ ಪ್ರಕಾರ ಸಂಜೆ ಐದಕ್ಕೆ ಇಟ್ಟ ಕಾಫಿ ಬೆಳಗ್ಗೆ ಏಳರ ಹೊತ್ತಿಗೆ ಮಂಜುಗಡ್ಡೆ.

“ಸಖತ್ ಮಗಾ, ನಿಮ್ಮನೇಲಿ ಫ್ರಿಜ್ಜೇ ಬೇಡ,” ಎಂದ.

ಅಂದಿನಿಂದ ಪ್ರತಿ ಗೆರೆಯನ್ನೂ ಅನುಮಾನದಿಂದ ನೋಡತೊಡಗಿದೆ. ಅದು ಒಳ್ಳೆಯ ಪಾಠವೇ. ಆದರೆ ಅನುಮಾನ ಪಡುವುದನ್ನು ಕಲಿತವರು ಯಾರ ಮೇಲೆ ಪಡಬೇಕು ಎನ್ನುವುದನ್ನು ಕಲಿತಿರುತ್ತಾರೆ ಎಂದೇನಿಲ್ಲ. ಭೂಮಿಕಾಳ ವಿಷಯ ಬರೆಯುತ್ತಿರುವುದು ಅದಕ್ಕೇ.

ನಮ್ಮಲ್ಲಿ ಹನ್ನೊಂದನೇ ಕ್ಲಾಸಿಗೆ ಗಣಿತ ಎರಡು ಥರ, ಸಾಮಾನ್ಯ ಗಣಿತ ಮತ್ತು ಹೆಚ್ಚಿನ ಗಣಿತ. ಹೆಚ್ಚಿನ ಗಣಿತದಲ್ಲಿ ಉಳಿಯಬೇಕಾದರೆ ತಾನೇ ಅಂಕಿ ಸಂಗ್ರಹಿಸಿ ಒಂದು ಪ್ರಾಜೆಕ್ಟ್ ಮಾಡಬೇಕು. ಇದು ವಿದ್ಯಾರ್ಥಿಯದೇ ಪ್ರಾಮಾಣಿಕ ಕೆಲಸ ಎಂದು ಟೀಚರ್ ಸಹಿ ಹಾಕಬೇಕು. ಸಹಿ ಬೀಳದಿದ್ದರೆ ಸಾಮಾನ್ಯ ಗಣಿತಕ್ಕೆ. ಭೂಮಿಕಾ ಹತ್ತನೇ ಕ್ಲಾಸಿನವರೆಗೆ ಸಾರಕ್ಕಿಯ ಕನ್ನಡ ಶಾಲೆಯಲ್ಲಿ ಓದಿ ನಮ್ಮಲ್ಲಿಗೆ ಬಂದವಳು. ಇಂಜಿನಿಯರಿಂಗ್ ಗಿಂಜಿನಿಯರಿಂಗ್ ಅಂತ ಏನೂ ಹೇಳುತ್ತಿರಲಿಲ್ಲ. ನನಗೆ ಗಣಿತ ಇಷ್ಟ ಮಿಸ್, ಇದನ್ನೇ ಪೂರ್ತಿ ಓದ್ಬೇಕು ಎನ್ನುತ್ತಿದ್ದಳು. ಪೆನ್ಸಿಲ್ಲನ್ನು ಎರಡೂ ತುದಿ ಚೂಪು ಮಾಡಿ ಇಟ್ಟುಕೊಳ್ಳುತ್ತಿದ್ದಳು. ಮಧ್ಯದಲ್ಲಿ ಮೊಂಡಾದರೆ ಯೋಚನೆ ನಿಲ್ಲಬಾರದು, ಅದಕ್ಕೆ.

ಅವಳ ಅಜ್ಜಿ ಮತ್ತು ಅಮ್ಮ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿ ಇಟ್ಟಿದ್ದರು. ಓದುವ ಹುಡುಗಿ ಎಂದು ಅವಳಿಗೆ ಹೂ ಕಟ್ಟುವುದನ್ನು ಅವರು ಕಲಿಸಿರಲಿಲ್ಲ. ಅವಳು ಆರಿಸಿಕೊಂಡ ವಿಷಯ ಅದೇ. ಹೊಸ ಕೈ ಮಲ್ಲಿಗೆ ಕಟ್ಟಲು ಹೇಗೆ ಕಲಿಯುತ್ತದೆ? ದಿನಾ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಗಡಿಯಾರ ನೋಡಿ ಕಟ್ಟುವುದು, ಎಷ್ಟು ಮೊಳ ಆಯಿತು ಎಂದು ಬರೆಯುವುದು. ಇಪ್ಪತ್ತನಾಲ್ಕು ದಿನ. ವಿಷಯ ಕೇಳಿದಾಗ ನನಗೆ ಆದ ಖುಷಿಗೆ ಅವತ್ತು ಟಿಫನ್ ಡಬ್ಬಿ ತೆರೆಯುವುದೇ ಮರೆತಿತ್ತು.

ಪ್ರಾಜೆಕ್ಟ್ ಕೈಗೆ ಬಂತು. ಮೊದಲ ದಿನ ಒಂದು ಮೊಳ. ಎರಡನೇ ದಿನ ಒಂದೂವರೆ. ನಾಲ್ಕನೇ ದಿನ ಎರಡು. ಎಂಟನೇ ದಿನ ಎರಡೂವರೆ. ದಿನ ಇಮ್ಮಡಿಯಾದಾಗಲೆಲ್ಲ ಅರ್ಧ ಮೊಳ ಹೆಚ್ಚು. ಪುಸ್ತಕದಲ್ಲಿ ಬರೆದ ಹಾಗೆ. ಹನ್ನೊಂದನೇ ದಿನ ಸುಮಾರು ಎರಡೂಮುಕ್ಕಾಲು. ಹನ್ನೆರಡನೇ ದಿನ ಎರಡು ಪಾಯಿಂಟ್ ನಾಲ್ಕು. ಅಲ್ಲಿಂದ ಮತ್ತೆ ಮೆಲ್ಲಗೆ ಏರಿ ಹದಿನಾರಕ್ಕೆ ಎರಡು ಪಾಯಿಂಟ್ ಆರು, ಇಪ್ಪತ್ತನಾಲ್ಕಕ್ಕೂ ಮೂರು ಮುಟ್ಟಿರಲಿಲ್ಲ.

ಕಲಿತ ಕೈ ಒಂದೇ ದಿನದಲ್ಲಿ ಮರೆಯುವುದಿಲ್ಲ. ಕೊನೆಯ ಚುಕ್ಕೆಗಳನ್ನು ಒಂದು ಸಲ ನೋಡಿಕೊಂಡು ಬಾ ಎಂದು ವಾಪಸ್ ಕೊಟ್ಟೆ. ಹೊಸ ಟೀಚರುಗಳೇ, ಈ ಮಾತು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ, ಅದು ಮಕ್ಕಳ ಕಿವಿಗೆ ಏನೆಂದು ಬೀಳುತ್ತದೆ ಎಂದು ಯೋಚಿಸಿ. ಎರಡು ದಿನ ಬಿಟ್ಟು ಅವಳು ಅದೇ ಅಂಕಿಗಳನ್ನು ತಂದಳು.

“ನೋಡ್ದೆ ಮಿಸ್. ನಾನು ಕಟ್ಟಿದ್ದೇ ಅಷ್ಟು.”

“ಹನ್ನೆರಡನೇ ದಿನ ಏನಾಯ್ತು ಮತ್ತೆ? ಹುಷಾರಿರಲಿಲ್ವಾ?”

“ಹುಷಾರಾಗೇ ಇದ್ದೆ. ಏನೂ ಆಗ್ಲಿಲ್ಲ ಮಿಸ್.”

ಏನೂ ಆಗಲಿಲ್ಲ ಎಂದು ಅವಳು ಕಣ್ಣು ತಗ್ಗಿಸದೆ ಹೇಳಿದ್ದನ್ನು ನಾನು ಮೊಂಡುತನ ಎಂದು ಓದಿದೆ. ಆಗ ನನ್ನ ತಲೆಯಲ್ಲಿ ಬೇರೆಯೇ ಒಂದು ಕಥೆ ಕೂತಿತ್ತು. ಮೊದಲ ಹನ್ನೊಂದು ಅಂಕಿ ಅಷ್ಟೊಂದು ಓರಣವಾಗಿವೆ ಎಂದರೆ ಅವನ್ನು ಸೂತ್ರದಿಂದ ಲೆಕ್ಕ ಹಾಕಿ ಬರೆದಿದ್ದಾಳೆ. ಆಮೇಲೆ ಬೇಸರವಾಗಿ ತೋಚಿದ್ದು ತುಂಬಿದ್ದಾಳೆ. ಕೆಂಪು ಶಾಯಿಯಲ್ಲಿ ಆ ಪುಟದ ಕೆಳಗೆ ಬರೆದೆ: ಅಂಕಿಗಳು ನಂಬಲರ್ಹವಲ್ಲ. ಸಹಿ ಹಾಕಲಿಲ್ಲ. ಶುಕ್ರವಾರದ ಹೊತ್ತಿಗೆ ಸಾಮಾನ್ಯ ಗಣಿತಕ್ಕೆ ಹೋಗುವವರ ಪಟ್ಟಿಯಲ್ಲಿ ರಂಗನಾಥ್ ಸರ್ ಅವಳ ಹೆಸರು ಸೇರಿಸಿ ಪ್ರಿನ್ಸಿಪಾಲರಿಗೆ ಕಳಿಸಿದರು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಪೆನ್ಸಿಲ್ಲನ್ನು ಬಾಕ್ಸಿನೊಳಗಿಟ್ಟು ಮುಚ್ಚಳ ಹಾಕಿದಳು, ಒಂದೇ ಕ್ಲಿಕ್ಕಿಗೆ ಮುಚ್ಚದೆ ಎರಡು ಸಲ ಒತ್ತಿದಳು. ಅದು ನನಗೆ ಇವತ್ತಿಗೂ ಕೇಳಿಸುತ್ತದೆ.

ಪಶ್ಚಾತ್ತಾಪದಿಂದ ನಾನು ಮುಂದಿನ ಹೆಜ್ಜೆ ಇಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ, ನಿಜವಲ್ಲ. ಕುತೂಹಲ ತಡೆಯಲಾಗಲಿಲ್ಲ, ಅಷ್ಟೆ. ಆ ರಾಶಿ ಪ್ರಾಜೆಕ್ಟುಗಳ ನಡುವೆ ಅವಳ ಗ್ರಾಫನ್ನು ಮತ್ತೆ ತೆಗೆದು ನೋಡಿದೆ. ತೋಚಿದ್ದು ತುಂಬಿದ ಅಂಕಿಗಳು ಚೆಲ್ಲಾಪಿಲ್ಲಿಯಾಗಿರಬೇಕು. ಇಲ್ಲಿ ಹನ್ನೆರಡರ ನಂತರದ ಚುಕ್ಕೆಗಳೂ ಒಂದು ಗೆರೆಯ ಮೇಲೇ ಇದ್ದವು, ಕೊಂಚ ಕೆಳಗೆ ಇಳಿದ ಗೆರೆ. ಬೇಸರಗೊಂಡ ಹುಡುಗಿ ಇಷ್ಟು ಕಷ್ಟಪಟ್ಟು ಸುಳ್ಳು ಬರೆಯುತ್ತಾಳೆಯೇ?

ಕಾರಿಡಾರಿನಲ್ಲಿ ಹಿಡಿದು ಕೇಳಿದೆ. ಹೂ ಬದಲಾಯಿತೇ, ಕಾಕಡ ಏನಾದರೂ? ಇಲ್ಲ, ಮಲ್ಲಿಗೆಯೇ. ದಾರ? ಅದೇ ಬಾಳೆ ನಾರು. ಮೊಗ್ಗು ಸಣ್ಣದಾಯಿತೇ? ಅದೇ ತೋಟದವರು ತರೋದು ಮಿಸ್. ಗಡಿಯಾರ? ಅದೇ ಫೋನು. ಕೂರುವ ಜಾಗ? ಅದೇ ಮಣೆ. ನಾನು ಕೇಳುತ್ತಾ ಹೋದೆ, ಅವಳು ಒಂದೊಂದಕ್ಕೂ ಯೋಚಿಸಿ ಉತ್ತರ ಕೊಡುತ್ತಾ ಹೋದಳು. ಕೊನೆಗೆ ತುಸು ಬಿಗಿಯಾಗಿಯೇ ಹೇಳಿದಳು:

“ನೀವೇ ಒಂದ್ಸಲ ಬಂದು ನೋಡಿ ಮಿಸ್. ನಾನು ಹೇಳಿದ್ರೆ ನೀವು ನಂಬಲ್ವಲ್ಲ.”

ಶನಿವಾರ ಮಧ್ಯಾಹ್ನ ಹೋದೆ. ಸಾರಕ್ಕಿ ಸಿಗ್ನಲ್ಲಿನ ಗದ್ದಲ ದಾಟಿ ಮಾರ್ಕೆಟ್ಟಿನೊಳಗೆ ತಿರುಗಿದರೆ ಸೊಪ್ಪಿನವರು, ಆಮೇಲೆ ಬಾಳೆಎಲೆ, ಆಮೇಲೆ ಹೂವಿನ ಸಾಲು. ಮೂರನೆಯ ಅಂಗಡಿ ಅವರದು. ಅಜ್ಜಿ ಗಿಡ್ಡ ಆಳು, ಕಣ್ಣಿಗೆ ಕಪ್ಪು ಕನ್ನಡಕ. ಅಮ್ಮ ಎತ್ತರ, ಭೂಮಿಕಾಳ ಎತ್ತರ ಎಲ್ಲಿಂದ ಬಂತು ಎಂದು ಕಂಡಿತು. ಸ್ಕೂಲ್ ಮಿಸ್ಸು ಎಂದು ಗೊತ್ತಾದ ತಕ್ಷಣ ಮಣೆ ಒರೆಸಿ ಕೂರಿಸಿದರು. ಯಾಕೆ ಬಂದೆ ಎಂದು ಭೂಮಿಕಾ ಮನೆಯಲ್ಲಿ ಹೇಳಿರಲಿಲ್ಲ ಎನ್ನುವುದು ಅವರ ಆದರದಿಂದಲೇ ತಿಳಿಯಿತು.

ಭೂಮಿಕಾ ಫೋನಿನಲ್ಲಿ ಹತ್ತು ನಿಮಿಷ ಇಟ್ಟು ಕಟ್ಟಲು ಕೂತಳು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರಿನ ಒಂದು ಸುತ್ತು, ಬೆರಳಿನ ಒಂದು ಜಗ್ಗು. ಬೆರಳ ತುದಿ ಹಸಿರಾಗಿತ್ತು. ಮೋಸ ಮಾಡುವವರ ಕೈ ಹೀಗೆ ಓಡುವುದಿಲ್ಲ. ಸುಮ್ಮನೆ ಕೂರಲು ಸಂಕೋಚವಾಗಿ ನನಗೂ ಎರಡು ಮೊಳ ಕೊಡಿ ಎಂದೆ. ಅಜ್ಜಿ ಕುಚ್ಚಿನಿಂದ ಮಾಲೆ ಎಳೆದು ಮೊಣಕೈಗೆ ಹಿಡಿದರು. ಮದುವೆಯಾದಾಗಿನಿಂದ ಹೂ ಕೊಂಡ ನನ್ನ ಬಾಯಿ, ನನ್ನನ್ನು ಕೇಳದೆ, ತಾನೇ ಮಾತಾಡಿತು:

“ಅಮ್ಮ ಅಳೆದುಕೊಡ್ಲಿ ಬಿಡಿ ಅಜ್ಜಿ. ಅವರ ಕೈ ಉದ್ದ.”

ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. ಈ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿದವರ ಹಾಗೆ ಮಾಲೆಯನ್ನು ಸೊಸೆಯ ಕಡೆ ಎಸೆದರು.

“ಓದ್ಸೋ ಮಿಸ್ಸೂ ಇದನ್ನೇ ಹೇಳ್ತಾರಲ್ಲೇ ಭೂಮಿ. ನಾನು ಕಣ್ಣಿನ ಆಪರೇಶನ್‌ಗೆ ಹೋಗಿದ್ದೇ ಹೋಗಿದ್ದು, ಇವಳು ಅಳೆಯೋಕ್ ಕೂತಳು, ಗಿರಾಕಿಗಳಿಗೆಲ್ಲ ಹಬ್ಬ. ಡಾಕ್ಟ್ರು ಬಗ್ಗಬೇಡ ಅಂದ್ರು ಅಂತ ತಿಂಗಳಿಡೀ ಇವಳದೇ ಕೈ. ಈಗ ಈ ಗಿಡ್ಡಿ ಕೈ ಯಾರಿಗೆ ಬೇಕು?”

ಭೂಮಿಕಾಳ ಬೆರಳು ನಿಂತವು. ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡುತ್ತಿದ್ದೆ. ನೀನು ಕಟ್ಟಿದ್ದನ್ನು ಯಾರು ಅಳೆಯುತ್ತಿದ್ದರು ಎಂದು ನಾನು ಕೇಳಬೇಕಾಗಿಯೇ ಬರಲಿಲ್ಲ.

“ಅಜ್ಜಿ ಅಡ್ಮಿಟ್ ಆಗಿದ್ದು ಹನ್ನೆರಡನೇ ದಿನ ಮಿಸ್,” ಎಂದಳು. ದನಿ ಬಹಳ ಸಣ್ಣದಾಗಿತ್ತು. “ಮೊಳ ಅಂದ್ರೆ ಮೊಳ ಅಂತ ಬರ್ಕೊಂಡೆ.”

ಪಕ್ಕದ ಅಂಗಡಿಯ ಟೈಲರ್ ಹತ್ತಿರ ಟೇಪು ಕೇಳಿ ತಂದೆ. ಅಜ್ಜಿ ಕೈ ಹಿಂದಕ್ಕೆಳೆದುಕೊಂಡು, ನಂಗ್ಯಾಕಮ್ಮ ಈಗ ಹೊಸ ರವಿಕೆ ಎಂದರು. ಮೊಣಕೈಯಿಂದ ನಡುಬೆರಳ ತುದಿಗೆ ಅಜ್ಜಿಯದು ನಲವತ್ತು ಸೆಂಟಿಮೀಟರ್. ಅಮ್ಮನದು ನಲವತ್ತಾರು. ಉದ್ದ ಕೈಯಲ್ಲಿ ಅಳೆದರೆ ಅದೇ ಮಾಲೆ ಕಡಿಮೆ ಮೊಳ ಬರುತ್ತದೆ. ಇದಕ್ಕೆ ಲಾಗರಿದಮ್ ಬೇಡ, ಜಯನಗರದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ನಾನೇ ಎಷ್ಟು ವರ್ಷ ಉದ್ದ ಕೈಯವರ ಅಂಗಡಿ ಹುಡುಕಿಕೊಂಡು ಹೋಗಿದ್ದೇನೆ. ಕ್ಲಾಸಿನಲ್ಲಿ ಚಾಕ್ ಹಿಡಿದಾಗ ಆ ಹೆಂಗಸು ಎಲ್ಲಿ ಹೋಗಿದ್ದಳೋ.

ಭೂಮಿಕಾ ಹೂ ಕಟ್ಟುವ ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕಿದಳು. ನಲವತ್ತಾರನ್ನು ನಲವತ್ತರಿಂದ ಭಾಗಿಸಿದರೆ ಒಂದು ಪಾಯಿಂಟ್ ಒಂದೈದು. ಹದಿನಾರನೇ ದಿನದ ಎರಡು ಪಾಯಿಂಟ್ ಆರನ್ನು ಅದರಿಂದ ಗುಣಿಸಿದಳು: ಎರಡು ಪಾಯಿಂಟ್ ಒಂಬತ್ತು ಒಂಬತ್ತು. ಮೂರಕ್ಕೆ ಕೂದಲೆಳೆ ಕಡಿಮೆ. ಎಂಟನೇ ದಿನದ ಎರಡೂವರೆಯ ಮೇಲೆ ಇನ್ನರ್ಧ ಮೊಳ, ಸರಿಯಾಗಿ ಇರಬೇಕಾದ ಜಾಗ. ಉಳಿದವನ್ನೂ ಒಂದೊಂದಾಗಿ ಎತ್ತಿ ಕೂರಿಸಿದಳು. ಇಪ್ಪತ್ತನಾಲ್ಕು ದಿನವೂ ಒಂದೇ ಗೆರೆ. ಕೆಲವು ಗಿರಾಕಿಗಳು ಬಂದು ಕಾದು ಹೋದರು. ಆ ಅಂಗಡಿಯಲ್ಲಿ ಅಷ್ಟು ಹೊತ್ತು ಯಾರೂ ಹೂ ಮಾರಲಿಲ್ಲ.

ತಪ್ಪು ನನ್ನದು ಎಂದು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿ, ಆದ್ರೆ ಲಿಸ್ಟ್ ಹೋಗಿಬಿಟ್ಟಿದೆಯಲ್ಲ ಮಿಸ್ ಎಂದಳು. ಅಮ್ಮ, ಯಾವ ಲಿಸ್ಟು ಎಂದು ಕೇಳಿದರು. ಹೇಳುವವಳು ನಾನೇ ಆಗಬೇಕಿತ್ತು, ಹೇಳಿದೆ. ಆ ಅಮ್ಮ ಎರಡು ಮೊಳವನ್ನು ಎಲೆಯಲ್ಲಿ ಸುತ್ತಿ ಕೈಗೆ ಕೊಟ್ಟು, ಮಗಳ ಕಡೆ ತಿರುಗಿ, ನೀನ್ಯಾಕೆ ಹೇಳ್ಲಿಲ್ಲ ಎಂದಷ್ಟೇ ಕೇಳಿದರು.

ಸೋಮವಾರ ರಂಗನಾಥ್ ಸರ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಮಧ್ಯದಲ್ಲಿ ಒಮ್ಮೆ ತಮ್ಮ ಕೈಯನ್ನೇ ಮೇಜಿನ ಮೇಲಿಟ್ಟು ಸ್ಕೇಲಿನಲ್ಲಿ ಅಳೆದೂ ನೋಡಿದರು. ಆಮೇಲೆ ಅವರದೇ ಒಂದು ದಾರಿ ಹೇಳಿದರು.

“ಹುಡುಗಿ ಕೈಲಿ ಎಲ್ಲಾ ಸೆಂಟಿಮೀಟರ್‌ನಲ್ಲಿ ಫ್ರೆಶ್ಶಾಗಿ ಬರೆಸಿಬಿಡಿ ಮೇಡಂ. ಹುಷಾರಿರಲಿಲ್ಲ, ಲೇಟಾಗಿ ಕೊಟ್ಟಳು ಅಂತ ಒಂದು ಲೈನ್ ಹಾಕಿ ಹೆಸರು ತೆಗೆಸ್ತೀನಿ. ಹಳೇದು ಯಾರು ನೋಡ್ತಾರೆ? ನಿಮಗೂ ಮುಜುಗರ ಇಲ್ಲ.”

ಮುಜುಗರ ಇಲ್ಲ ಎನ್ನುವುದು ನನಗೆ ಇಷ್ಟವಾಯಿತು ಎಂದು ಒಪ್ಪಿಕೊಳ್ಳಬೇಕು. ಸ್ಟೇಷನರಿ ಕೋಣೆಯಿಂದ ಹೊಸ ಹಾಳೆಗಳನ್ನು ನಾನೇ ತಂದು ಭೂಮಿಕಾಳ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

“ಹೊಸದಾಗಿ ಬರೆದ್ರೆ ಮೊದಲ್ನೇದು ಸುಳ್ಳು ಅಂತ ಒಪ್ಕೊಂಡ ಹಾಗಾಗಲ್ವಾ ಮಿಸ್? ನಾನು ಬರ್ಕೊಂಡಿದ್ದು ಮೊಳದಲ್ಲೇ.”

ಹದಿನಾರು ವರ್ಷದ ಹುಡುಗಿ. ಸಿಗುತ್ತಿರುವ ಸೀಟನ್ನು ಕೈಯಾರೆ ದೂರ ತಳ್ಳುತ್ತಿದ್ದಾಳೆ ಎಂದು ಒಂದು ಕ್ಷಣ ಅನಿಸಿತು. ಆಮೇಲೆ, ಅವಳು ಬರೆದದ್ದನ್ನು ಬದಲಿಸು ಎಂದು ನಾನು ಹೇಳುತ್ತಿರುವುದು ಇದು ಎರಡನೇ ಸಲ ಎನ್ನುವುದು ಹೊಳೆಯಿತು. ಹಾಳೆಗಳನ್ನು ವಾಪಸ್ ತೆಗೆದುಕೊಂಡು, ಅದರಲ್ಲೇ ಒಂದರ ಮೇಲೆ ಪ್ರಿನ್ಸಿಪಾಲರಿಗೆ ಬರೆದೆ. ವಿದ್ಯಾರ್ಥಿನಿಯ ಅಂಕಿಗಳು ನಿಜ, ಅಳೆದ ಕೈ ಬದಲಾದದ್ದನ್ನು ವಿಚಾರಿಸದೆ ನಾನು ಅನುಮಾನಿಸಿದ್ದು ತಪ್ಪು, ಅವಳ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ಕಾನ್ವೆಂಟಿನ ಇಂಗ್ಲಿಷಿನಲ್ಲಿ ಕ್ಷಮಾಪಣೆ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಇದನ್ನು ಮಾತ್ರ ಕನ್ನಡದಲ್ಲಿ ಬರೆದೆ, ಅಡಗಿಕೊಳ್ಳಲು ಜಾಗ ಇರಬಾರದು ಎಂದು.

ಪ್ರಿನ್ಸಿಪಾಲ್ ಎರಡು ಸಲ ಓದಿದರು. ನಿಮ್ಮ ಫೈಲಿಗೆ ಇದು ಸೇರುತ್ತದೆ, ಗೊತ್ತಲ್ಲ ಎಂದರು. ಗೊತ್ತು ಎಂದೆ. ಪಟ್ಟಿ ತರಿಸಿ ಆ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಬುಧವಾರ ಭೂಮಿಕಾ ಹೆಚ್ಚಿನ ಗಣಿತದ ಕ್ಲಾಸಿನಲ್ಲಿ ಎರಡನೇ ಬೆಂಚಿನಲ್ಲಿ ಕೂತಿದ್ದಳು.

ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪ್ರಾಜೆಕ್ಟ್ ತಂದಳು, ನಾನು ಸಹಿ ಹಾಕಬೇಕಿತ್ತು. ನನ್ನ ಕೆಂಪು ಸಾಲು ಆ ಪುಟದ ಕೆಳಗೆ ಹಾಗೇ ಇತ್ತು. ಅದನ್ನು ಹೊಡೆದುಹಾಕಿ ತಾರೀಖು ಬರೆದೆ, ಹೊಡೆದರೂ ಓದಲು ಬರುತ್ತಿತ್ತು. ಹೊರಗಿನ ಪರೀಕ್ಷಕರೂ ನೋಡುವ ಪುಟ ಅದು. ಬೇಕಾದರೆ ಈ ಪುಟ ಒಂದನ್ನು ಬದಲಾಯಿಸು ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ಅವಳು ಕೊನೆಗೆ ಒಂದು ಪುಟ ಸೇರಿಸಿದ್ದಳು. ಮೇಲೆ ಶೀರ್ಷಿಕೆ: ದೋಷಗಳು ಎಲ್ಲಿಂದ ಬಂದವು. ಒಂದನೆಯದಾಗಿ, ಹನ್ನೆರಡನೇ ದಿನದಿಂದ ಅಳತೆಯ ಕೈ ಬದಲಾದದ್ದು. ಅದಕ್ಕೆ ಎರಡೂ ಕೈಗಳ ಸೆಂಟಿಮೀಟರ್. ಎರಡನೆಯದಾಗಿ, ಗೆರೆಗೆ ಹೊಂದಲಿಲ್ಲ ಎಂದು ಅಂಕಿಗಳನ್ನೇ ಅನುಮಾನಿಸಿದ್ದು. ಅಲ್ಲಿಗೆ ನಿಲ್ಲಿಸಿ, ಪೆನ್ಸಿಲ್ ತುದಿಯನ್ನು ಆ ಸಾಲಿನ ಕೊನೆಯಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದಳು.

“ಯಾರು ಅನುಮಾನಿಸಿದ್ದು ಅಂತ ಹೆಸರು ಬರೀಲಾ ಮಿಸ್? ಒಂದ್ನೇದಕ್ಕೆ ಅಜ್ಜಿ, ಅಮ್ಮ ಇಬ್ಬರ ಹೆಸರೂ ಬರ್ದಿದೀನಿ, ಅದಕ್ಕೆ.”

ಬರಿ, ಎಂದೆ. ಬರೆದಳು. ಇನಿಷಿಯಲ್ ಬಿಟ್ಟಿದ್ದಳು, ಅದನ್ನು ನಾನೇ ಹೇಳಿ ಹಾಕಿಸಿದೆ.